ಪ್ರಶ್ನೆ ಇನ್ನೂ ಪ್ರಶ್ನೆಯಾಗಿರುವಾಗಲೇ: ದಿನನಿತ್ಯದ ತೀರ್ಮಾನಗಳಲ್ಲಿ ದೇವರನ್ನು ಕೇಳುವುದು ಹೇಗೆ?

ಕೆಲವು ವರ್ಷಗಳ ಹಿಂದಿನ ಮಾತು. ಹೊಸ ಕೆಲಸವೊಂದಕ್ಕೆ ಕರೆ ಬಂದಿತ್ತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಒಪ್ಪಿಗೆಯ ಮೇಲ್ ಬರೆದೆ. ಎರಡು ಸಲ ತಿದ್ದಿದೆ. ಕೆಳಗೆ ಹೆಸರು ಹಾಕಿದೆ. ಕಳುಹಿಸುವ ಬಟನ್ ಮೇಲೆ ಬೆರಳಿಟ್ಟುಕೊಂಡೇ ಕಣ್ಣು ಮುಚ್ಚಿ, "ಕರ್ತನೇ, ಇದರಲ್ಲಿ ನಿನ್ನ ಚಿತ್ತ ಏನು ಅಂತ ತೋರಿಸು" ಎಂದು ಪ್ರಾರ್ಥಿಸಿದೆ. ಅರ್ಧ ನಿಮಿಷ ಆಗಿರಬಹುದು. ಆಮೆನ್ ಎಂದೆ, ಬಟನ್ ಒತ್ತಿದೆ.

ಆ ಕೆಲಸ ನನ್ನ ಸಂಜೆಗಳನ್ನೆಲ್ಲ ತಿಂದುಹಾಕಿತು. ಭಾನುವಾರ ಆರಾಧನೆಗೆ ಹೋಗುವುದೇ ಅಪರೂಪವಾಯಿತು. "ರಜೆಯ ದಿನವೂ ಕರೀತಾರಾ ಅಂತ ವಿಚಾರಿಸಿದ್ದೀಯಾ?" ಎಂದು ಮನೆಯಲ್ಲಿ ಮೊದಲೇ ಕೇಳಿದ್ದರು. ನಾನು ವಿಚಾರಿಸಿರಲಿಲ್ಲ. ಆದರೆ ಎಲ್ಲಕ್ಕಿಂತ ಜಾಸ್ತಿ ನನ್ನನ್ನು ಕಾಡಿದ್ದು ಆ ಅರ್ಧ ನಿಮಿಷದ ಪ್ರಾರ್ಥನೆ. ಅದರಲ್ಲಿ ನಾನು ಏನನ್ನೂ ಕೇಳಿರಲಿಲ್ಲ. ಆಗಲೇ ಮುಗಿದಿದ್ದ ತೀರ್ಮಾನಕ್ಕೆ ದೇವರ ಸಹಿ ಹಾಕಿಸಿಕೊಳ್ಳಲು ಹೋಗಿದ್ದೆ.

ಅವತ್ತಿನಿಂದ ಸತ್ಯವೇದದಲ್ಲಿ (ಬೈಬಲಿನಲ್ಲಿ) ಯೆಹೋಶುವನ ಪುಸ್ತಕದ 9ನೇ ಅಧ್ಯಾಯ ನನಗೆ ತುಂಬಾ ಹತ್ತಿರದ್ದಾಗಿದೆ. ಗಿಬ್ಯೋನ್ ಊರಿನವರು ಅಕ್ಕಪಕ್ಕದವರೇ, ಅಂಥವರ ಜೊತೆ ಒಪ್ಪಂದ ಬೇಡ ಅಂತ ದೇವರು ಇಸ್ರಾಯೇಲ್ಯರಿಗೆ ಹೇಳಿದ್ದರು. ಆದರೂ ದೂರದೇಶದಿಂದ ಬಂದವರ ಹಾಗೆ ವೇಷ ಹಾಕಿಕೊಂಡು ಇಸ್ರಾಯೇಲ್ಯರ ಪಾಳೆಯಕ್ಕೆ ಬರುತ್ತಾರೆ. ಹಳೇ ಗೋಣಿಗಳು, ಹರಿದು ಹೊಲಿದ ದ್ರಾಕ್ಷಾರಸದ ತಿತ್ತಿಗಳು, ತೇಪೆ ಹಾಕಿದ ಕೆರಗಳು, ಒಣಗಿ ಬೂಷ್ಟು ಹಿಡಿದ ರೊಟ್ಟಿ. ಇಸ್ರಾಯೇಲ್ಯರು ಆ ರೊಟ್ಟಿಯನ್ನು ನೋಡಿದರು, ನಂಬಿದರು, ಒಪ್ಪಂದ ಮಾಡಿಕೊಂಡರು. ತಮ್ಮ ದೇವರಾದ ಯೆಹೋವನನ್ನು ಮಾತ್ರ ಕೇಳಲಿಲ್ಲ (9:14). ಮೂರು ದಿನ ಕಳೆಯುವಷ್ಟರಲ್ಲಿ ನಿಜ ಗೊತ್ತಾಯಿತು. ಅವರಿಗೆ ದೇವರ ಮೇಲೆ ತಾತ್ಸಾರ ಇತ್ತು ಅಂತೇನಲ್ಲ. ಕಣ್ಣಿಗೆ ಕಂಡದ್ದು ಅಷ್ಟು ಸ್ಪಷ್ಟವಾಗಿತ್ತು, ಕೇಳಬೇಕು ಅಂತ ಅನ್ನಿಸಲೇ ಇಲ್ಲ. ನಮಗೂ ಹೀಗೇ ಆಗುತ್ತದೆ ಅಲ್ವಾ?

ಪ್ರಶ್ನೆ ಇನ್ನೂ ಪ್ರಶ್ನೆಯಾಗಿರುವಾಗಲೇ ಅದನ್ನು ದೇವರ ಮುಂದೆ ತರಬೇಕು. ನಾನು ಹೇಳಹೊರಟಿರುವುದು ಇಷ್ಟೇ. ಅದನ್ನು ಹೇಗೆ ಮಾಡುವುದು ಅಂತ, ನಾನು ಕಲಿತ ಹಾಗೆಯೇ ಬರೆಯುತ್ತೇನೆ.

ಮೊದಲು ಒಂದು ಮಾತು: ಎಲ್ಲದಕ್ಕೂ ಕಾಯಬೇಕಾಗಿಲ್ಲ

ಕೆಲವು ಪ್ರಶ್ನೆಗಳಿಗೆ ದೇವರು ಆಗಲೇ ಉತ್ತರ ಕೊಟ್ಟಾಗಿದೆ. ಲೆಕ್ಕದಲ್ಲಿ ಸುಳ್ಳು ಬರೆಯಲಾ? ಮಾತು ಬಿಟ್ಟ ಅಣ್ಣನನ್ನು ಕ್ಷಮಿಸಲಾ? ಸಾಲ ತಗೊಂಡದ್ದನ್ನು ತೀರಿಸಲಾ? ಇವಕ್ಕೆಲ್ಲ ಉಪವಾಸ ಪ್ರಾರ್ಥನೆ ಬೇಕಾಗಿಲ್ಲ. ಸತ್ಯವೇದದಲ್ಲಿ "ಇದೇ ದೇವರ ಚಿತ್ತ" ಎಂದು ನೇರವಾಗಿ ಹೇಳಿರುವ ಜಾಗಗಳಿವೆ. ನೀವು ಪವಿತ್ರರಾಗಿರಬೇಕು ಎನ್ನುವುದು ಒಂದು (1 ಥೆಸಲೊನೀಕ 4:3). ಎಲ್ಲದರಲ್ಲೂ ಕೃತಜ್ಞತೆ ಸಲ್ಲಿಸಬೇಕು ಎನ್ನುವುದು ಇನ್ನೊಂದು (5:18). ನ್ಯಾಯವಾಗಿ ನಡೆ, ಕರುಣೆಯನ್ನು ಪ್ರೀತಿಸು, ದೇವರ ಜೊತೆ ದೀನನಾಗಿ ನಡೆ ಎಂದು ಪ್ರವಾದಿ ಮೀಕನು ಹೇಳುತ್ತಾನೆ (6:8). ಗೊತ್ತಿರುವುದನ್ನು ಮಾಡದೆ ಗೊತ್ತಿಲ್ಲದ್ದನ್ನು ತೋರಿಸು ಅಂತ ಬೇಡಿದರೆ ಪ್ರಾರ್ಥನೆ ಮುಂದೆ ಹೋಗುವುದಿಲ್ಲ. ಇದು ನನ್ನ ಅನುಭವ.

ಇನ್ನು ಕೆಲವು ವಿಷಯಗಳನ್ನು ದೇವರು ನಮಗೇ ಬಿಟ್ಟಿದ್ದಾರೆ. ಏದೆನಿನಲ್ಲಿ ಆದಾಮನಿಗೆ ಒಂದು ಮರ ಬೇಡ ಎಂದರು, ಉಳಿದ ಮರಗಳ ಹಣ್ಣನ್ನು ಧಾರಾಳವಾಗಿ ತಿನ್ನು ಎಂದರು. ಇವತ್ತು ಯಾವ ಮರ, ನಾಳೆ ಯಾವ ಮರ ಅಂತ ಪಟ್ಟಿ ಕೊಡಲಿಲ್ಲ. ಮದುವೆಯಂಥ ದೊಡ್ಡ ವಿಷಯದಲ್ಲೂ ವಿಧವೆಗೆ ಅಪೊಸ್ತಲ ಪೌಲನು, ಕರ್ತನಲ್ಲಿರುವವನಾದರೆ (ವಿಶ್ವಾಸಿಯಾದರೆ) ಸಾಕು, ಇಷ್ಟಪಟ್ಟವನನ್ನು ಮದುವೆಯಾಗಬಹುದು ಎನ್ನುತ್ತಾನೆ (1 ಕೊರಿಂಥ 7:39). ಪ್ರತಿ ಸಣ್ಣ ಹೆಜ್ಜೆಯಲ್ಲೂ "ತಪ್ಪಿದರೆ ದೇವರ ಯೋಜನೆಯೇ ಕೆಟ್ಟುಹೋಗುತ್ತದೆ" ಅಂತ ಹೆದರುವ ವಿಶ್ವಾಸಿಗಳನ್ನು ನಾನು ನೋಡಿದ್ದೇನೆ. ಅವರ ಕಷ್ಟ ನೋಡಿದರೆ ಸಂಕಟವಾಗುತ್ತದೆ. ನೀವು ಅಂಥವರಾದರೆ ದಯವಿಟ್ಟು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ: ನೀವು ಕೇಳುತ್ತಿರುವುದು ತಂದೆಯನ್ನು. ಜ್ಞಾನ ಕಡಿಮೆಯಿದ್ದವನು ಕೇಳಲಿ, ದೇವರು ಹಂಗಿಸದೆ ಧಾರಾಳವಾಗಿ ಕೊಡುತ್ತಾನೆ ಎಂದು ಯಾಕೋಬನು ತನ್ನ ಪತ್ರಿಕೆಯಲ್ಲಿ ಬರೆದಿದ್ದಾನೆ (1:5). "ಹಂಗಿಸದೆ" ಎನ್ನುವ ಆ ಒಂದು ಪದದಲ್ಲಿ ಎಷ್ಟೊಂದು ಸಮಾಧಾನವಿದೆ!

1. ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬರೆಯಿರಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಫೋನಿನಲ್ಲೂ ಬರೆಯಬಹುದು, ಆದರೆ ಕೈಯಿಂದ ಬರೆದರೆ ಮನಸ್ಸು ನಿಧಾನವಾಗುತ್ತದೆ. ತಲೆಯಲ್ಲಿ ಸುತ್ತುತ್ತಿರುವುದನ್ನು ಒಂದೇ ಸಾಲಿಗೆ ಇಳಿಸಿ. ಅದರ ಕೆಳಗೆ, "ಇದರಲ್ಲಿ ನನಗೆ ಭಯ ಏನು?" ಎಂದು ಬರೆದು ಉತ್ತರಿಸಿ.

ನನ್ನ ನೋಟ್‌ಬುಕ್ಕಿನ ಒಂದು ಪುಟ ಹೀಗಿದೆ. ಮೇಲಿನ ಸಾಲು: "ಭಾನುವಾರ ಶಾಲೆಯ ಜವಾಬ್ದಾರಿ ತಗೊಳ್ಳಲಾ?" ಕೆಳಗಿನ ಸಾಲು: "ಇಲ್ಲ ಅಂದರೆ ಪಾಸ್ಟರ್‌ಗೆ ಬೇಜಾರಾಗುತ್ತದೆ." ಮಕ್ಕಳ ಬಗ್ಗೆ, ಸಮಯದ ಬಗ್ಗೆ, ನನಗೆ ಕಲಿಸಲು ಬರುತ್ತದಾ ಅನ್ನುವುದರ ಬಗ್ಗೆ ಒಂದಕ್ಷರವೂ ಇರಲಿಲ್ಲ. ನಿಜವಾದ ಪ್ರಶ್ನೆ ಕೆಳಗಿನ ಸಾಲಿನಲ್ಲಿತ್ತು. ಅದನ್ನು ದೇವರ ಮುಂದೆ ಇಟ್ಟ ಮೇಲೆಯೇ ಮೇಲಿನದನ್ನು ಸರಿಯಾಗಿ ಯೋಚಿಸಲು ಆಯಿತು.

2. ಮನಸ್ಸಿನಲ್ಲಿ ಹಾಕಿದ ಸಹಿಯನ್ನು ಅಳಿಸಿ

ಇದೇ ಕಷ್ಟದ ಹೆಜ್ಜೆ. ಇದಕ್ಕೆ ಜಾಸ್ತಿ ಸಮಯ ಕೊಡಿ.

ಬ್ರಿಸ್ಟಲ್‌ನಲ್ಲಿ ಸಾವಿರಾರು ಅನಾಥ ಮಕ್ಕಳನ್ನು ಸಾಕಿದ ಜಾರ್ಜ್ ಮುಲ್ಲರ್ (1805–1898), ದೇವರ ಚಿತ್ತವನ್ನು ತಿಳಿಯಲು ತಾನು ಮೊದಲು ಮಾಡುವುದೇನು ಎಂದು ಹೇಳಿಕೊಂಡಿದ್ದಾರೆ. ಆ ವಿಷಯದಲ್ಲಿ ತನ್ನದೇ ಹಟ ಉಳಿಯದ ಸ್ಥಿತಿಗೆ ಮನಸ್ಸನ್ನು ತರುವುದು. ಕಷ್ಟದ ಹೆಚ್ಚಿನ ಪಾಲು ಅಲ್ಲೇ ಮುಗಿಯುತ್ತದೆ ಅನ್ನುವುದು ಅವರ ಅನುಭವ.

ಹಾಗಂದರೆ ಆಸೆಯೇ ಇರಬಾರದು ಅಂತಲ್ಲ. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಸ್ವಾಮಿ ತನ್ನ ಮನಸ್ಸಿನಲ್ಲಿರುವುದನ್ನು ಬಚ್ಚಿಡಲಿಲ್ಲ. ಈ ಪಾತ್ರೆ ನನ್ನಿಂದ ದೂರವಾಗಲಿ ಎಂದು ಬಾಯಿಬಿಟ್ಟು ಹೇಳಿದನು. ಆಮೇಲೆ, ನನ್ನ ಚಿತ್ತದಂತಲ್ಲ, ನಿನ್ನ ಚಿತ್ತದಂತೆಯೇ ಆಗಲಿ ಎಂದನು. ಎರಡೂ ಬೇಕು. ಮೊದಲನೆಯದನ್ನು ಹೇಳದೆ ಎರಡನೆಯದಕ್ಕೆ ಹಾರಿದರೆ ಆಸೆ ಒಳಗೇ ಕೂತು, ಆಮೇಲೆ ದೇವರ ಧ್ವನಿಯ ಹಾಗೆ ಮಾತಾಡಲು ಶುರುಮಾಡುತ್ತದೆ.

ನಾನು ಮಾಡುವುದು ಹೀಗೆ. ಎರಡು ಕೈಗಳನ್ನೂ ಮಡಿಲಲ್ಲಿ ತೆರೆದಿಟ್ಟು ಕೂರುತ್ತೇನೆ. "ತಂದೆಯೇ, ನನಗೆ ಇದು ಬೇಕು. ಯಾಕೆ ಬೇಕು ಅಂದರೆ…" ಎಂದು ಕಾರಣಗಳನ್ನೆಲ್ಲ ಹೇಳುತ್ತೇನೆ. ಕೇಳಲು ಚೆನ್ನಾಗಿಲ್ಲದ ಕಾರಣಗಳನ್ನೂ ಹೇಳುತ್ತೇನೆ. ಆಮೇಲೆ, "ನೀನು ಬೇಡ ಅಂದರೆ ಅದಕ್ಕೂ ಸರಿ" ಎಂದು ಹೇಳಲು ನೋಡುತ್ತೇನೆ. ಎಷ್ಟೋ ಸಲ ಆ ಮಾತು ಗಂಟಲಲ್ಲೇ ನಿಲ್ಲುತ್ತದೆ. ಆಗ ನನ್ನ ಪ್ರಾರ್ಥನೆಯನ್ನು ಬದಲಿಸುತ್ತೇನೆ: "ಹಾಗೆ ಹೇಳುವ ಮನಸ್ಸನ್ನು ಕೊಡು." ಇದಕ್ಕೇ ಎರಡು ಮೂರು ದಿನ ಹಿಡಿದದ್ದುಂಟು. ಆ ದಿನಗಳು ವ್ಯರ್ಥ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

3. ವಾಕ್ಯವನ್ನು ಓದಿ, ಆದರೆ ಚೀಟಿ ಎತ್ತುವ ಹಾಗೆ ಅಲ್ಲ

ಕಣ್ಣು ಮುಚ್ಚಿ ಸತ್ಯವೇದ ತೆರೆದು, ಬೆರಳು ಬಿದ್ದ ವಚನವನ್ನೇ ಉತ್ತರ ಅಂದುಕೊಳ್ಳುವವರಿದ್ದಾರೆ. ಇದಕ್ಕೆ, ಮುಂದೆ ಸಭೆಯ ದೊಡ್ಡ ಬೋಧಕನಾದ ಅಗಸ್ಟೀನನ ಉದಾಹರಣೆ ಕೊಡುತ್ತಾರೆ. 386ರಲ್ಲಿ ಮಿಲಾನ್‌ನ ಒಂದು ತೋಟದಲ್ಲಿ, "ತೆಗೆದು ಓದು" ಎಂಬ ಮಗುವಿನ ಧ್ವನಿ ಕೇಳಿ ಅವನು ಪೌಲನ ಪತ್ರಿಕೆಯನ್ನು ತೆರೆದದ್ದು, ಅಲ್ಲಿ ಕಂಡ ರೋಮಾಪುರದವರಿಗೆ 13:13-14 ಅವನ ಬದುಕನ್ನೇ ತಿರುಗಿಸಿದ್ದು ನಿಜ. ಆದರೆ ಅದಕ್ಕೂ ಮುಂಚೆ ವರ್ಷಗಟ್ಟಲೆ ತಾಯಿಯ ಕಣ್ಣೀರಿನ ಪ್ರಾರ್ಥನೆ ಇತ್ತು, ಬಿಷಪ್ ಆಂಬ್ರೋಸನ ಪ್ರಸಂಗಗಳಿದ್ದವು, ಪೌಲನನ್ನು ಅವನೇ ಓದುತ್ತಿದ್ದ. ಮೇಲಾಗಿ ಆ ವಚನ ಹೇಳಿದ್ದು ಅವನು ಮಾಡಬೇಕು ಅಂತ ಆಗಲೇ ತಿಳಿದಿದ್ದ, ಮಾಡಲಾಗದೆ ಒದ್ದಾಡುತ್ತಿದ್ದ ವಿಷಯವನ್ನು. ಚೀಟಿ ಎತ್ತುವುದಕ್ಕೂ ಇದಕ್ಕೂ ತುಂಬಾ ವ್ಯತ್ಯಾಸವಿದೆ.

ವಚನವನ್ನು ಅದರ ಜಾಗದಿಂದ ಕಿತ್ತರೆ ಅದರಿಂದ ಏನನ್ನಾದರೂ ಹೇಳಿಸಬಹುದು. ದೇವಾಲಯದ ಮೇಲಿಂದ ಧುಮುಕು ಎನ್ನುವಾಗ ಸೈತಾನನೂ 91ನೇ ಕೀರ್ತನೆಯನ್ನೇ ಹೇಳಿದ. ನಾವೆಲ್ಲ ಗೋಡೆಗೆ ಹಾಕಿಕೊಳ್ಳುವ ಯೆರೆಮೀಯ 29:11 ಕೂಡ ಹಾಗೆಯೇ. ನಿಮಗೆ ನಿರೀಕ್ಷೆಯನ್ನೂ ಭವಿಷ್ಯವನ್ನೂ ಕೊಡುವ ಯೋಚನೆ ನನ್ನದು ಎನ್ನುವ ಆ ಮಾತು ಬಾಬೆಲಿಗೆ ಸೆರೆಹೋದವರಿಗೆ ಬರೆದ ಕಾಗದದಲ್ಲಿದೆ. ಅದಕ್ಕೂ ಒಂದು ವಚನ ಮುಂಚೆ, 70 ವರ್ಷ ಆದ ಮೇಲೆ ಎಂದಿದೆ. ಇನ್ನೂ ಮೇಲೆ ಹೋದರೆ ಮನೆ ಕಟ್ಟಿ, ತೋಟ ಮಾಡಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂದಿದೆ. ಕಾಗದವನ್ನು ಪೂರ್ತಿ ಓದಿದರೆ ಅದು "ನೀನು ಅಂದುಕೊಂಡದ್ದು ಬೇಗ ಆಗುತ್ತದೆ" ಎನ್ನುವುದಿಲ್ಲ. ಬೇಡದ ಜಾಗದಲ್ಲೂ ನಂಬಿಗಸ್ತರಾಗಿ ಬದುಕಿ ಎನ್ನುತ್ತದೆ.

ಹಾಗಾದರೆ ಓದುವುದು ಹೇಗೆ? ದಿನಾ ಓದುವ ಭಾಗವನ್ನೇ ಓದಿ, ಸಮಸ್ಯೆ ಬಂದಿದೆ ಅಂತ ಬೇರೆ ಕಡೆ ಹುಡುಕಬೇಡಿ. ಓದಿದ ಮೇಲೆ ಕೇಳಿಕೊಳ್ಳಿ: ಇಲ್ಲಿ ದೇವರು ಎಂಥವರು ಅಂತ ಕಾಣುತ್ತದೆ? ಇಂಥ ದೇವರ ಮಗನಾಗಿ, ಮಗಳಾಗಿ ನನ್ನ ಪ್ರಶ್ನೆಯನ್ನು ನೋಡಿದರೆ ಏನು ಬದಲಾಗುತ್ತದೆ? ನಿನ್ನ ವಾಕ್ಯ ನನ್ನ ಕಾಲಿಗೆ ದೀಪ ಎನ್ನುತ್ತದೆ 119ನೇ ಕೀರ್ತನೆ. ಆಗಿನ ದೀಪ ಅಂದರೆ ಅಂಗೈಯಷ್ಟು ಮಣ್ಣಿನ ಹಣತೆ, ಒಳಗೆ ಎಣ್ಣೆ, ಒಂದು ಬತ್ತಿ. ಅದನ್ನು ಹಿಡಿದು ಕತ್ತಲಲ್ಲಿ ನಡೆದರೆ ಮುಂದಿನ ಒಂದು ಹೆಜ್ಜೆಯಷ್ಟೇ ಕಾಣುತ್ತದೆ. ಅದನ್ನು ಇಟ್ಟ ಮೇಲೆ ಇನ್ನೊಂದು.

4. ಕೇಳಿ. ಆಮೇಲೆ ಕೇಳಿಸಿಕೊಳ್ಳಿ

ನಮ್ಮ ಭಾಷೆಯಲ್ಲಿ "ಕೇಳು" ಅಂದರೆ ಬೇಡು ಅಂತಲೂ ಹೌದು, ಕಿವಿಗೊಡು ಅಂತಲೂ ಹೌದು. ನನಗೆ ಇದು ತುಂಬಾ ಇಷ್ಟ. ಪ್ರಾರ್ಥನೆಯಲ್ಲಿ ನಾವು ಮೊದಲನೆಯದನ್ನು ಮಾಡಿ ಎದ್ದುಬಿಡುತ್ತೇವೆ.

ಹತ್ತು ನಿಮಿಷ ಸಾಕು. ಫೋನನ್ನು ಬೇರೆ ಕೋಣೆಯಲ್ಲಿಡಿ. ನಿಮ್ಮ ಒಂದು ಸಾಲಿನ ಪ್ರಶ್ನೆಯನ್ನು ದೇವರಿಗೆ ಓದಿ ಹೇಳಿ, ಸುಮ್ನೆ ಕೂತಿರಿ. ಮನಸ್ಸು ಎಲ್ಲೆಲ್ಲೋ ಓಡುತ್ತದೆ. ಓಡಲಿ, ಗೊತ್ತಾದಾಗ ವಾಪಸ್ ಬನ್ನಿ. ಧ್ವನಿ ಕೇಳಿಸಬೇಕು ಅಂತ ಕಾಯಬೇಡಿ. ನನಗೆ ಇವತ್ತಿನವರೆಗೂ ಕಿವಿಗೆ ಕೇಳುವ ಧ್ವನಿ ಬಂದಿಲ್ಲ. ಬಂದದ್ದು ಇಂಥವು: ಮರೆತಿದ್ದ ಒಬ್ಬರ ಮುಖ ನೆನಪಾಗುವುದು, ವಾರದ ಹಿಂದೆ ಓದಿದ ವಚನ ಮತ್ತೆ ಬರುವುದು, ನಾನು ಯಾರ ಬಗ್ಗೆ ಯೋಚಿಸಿಯೇ ಇಲ್ಲ ಅಂತ ತಟ್ಟನೆ ಹೊಳೆಯುವುದು.

ಬಂದ ಯೋಚನೆ ದೇವರಿಂದಲೋ ನನ್ನದೇನೋ ಅಂತ ಗೊತ್ತಾಗುವುದು ಹೇಗೆ? ಯಾಕೋಬ 3:17 ಒಳ್ಳೇ ಜರಡಿ. ಮೇಲಿಂದ ಬರುವ ಜ್ಞಾನ ಪರಿಶುದ್ಧವಾದದ್ದು, ಸಮಾಧಾನಕರವಾದದ್ದು, ಸೌಮ್ಯವಾದದ್ದು, ಕರುಣೆಯಿಂದ ತುಂಬಿದ್ದು, ಕಪಟವಿಲ್ಲದ್ದು ಎಂದು ಅಲ್ಲಿದೆ. ನನ್ನೊಳಗೆ ಬಂದ ಯೋಚನೆ ಯಾರನ್ನೋ ಹಳಿಯುವಂತಿದ್ದರೆ, "ಈಗಲೇ, ಈ ಕ್ಷಣವೇ" ಅಂತ ದೂಡುವಂತಿದ್ದರೆ ನಾನು ಅದನ್ನು ಪಕ್ಕಕ್ಕಿಡುತ್ತೇನೆ.

ಇನ್ನೊಂದು ಗುರುತನ್ನು ಲೊಯೋಲಾದ ಸಂತ ಇಗ್ನೇಷಿಯಸ್ ಕಂಡುಕೊಂಡದ್ದು ಹಾಸಿಗೆಯಲ್ಲಿ ಮಲಗಿದ್ದಾಗ. 1521ರಲ್ಲಿ ಪಾಂಪ್ಲೋನಾದ ಯುದ್ಧದಲ್ಲಿ ಫಿರಂಗಿ ಗುಂಡು ಬಿದ್ದು ಅವರ ಕಾಲು ಮುರಿದಿತ್ತು. ತಿಂಗಳುಗಟ್ಟಲೆ ಮಲಗಿ ಎರಡು ಥರದ ಕನಸು ಕಾಣುತ್ತಿದ್ದರು. ಶೂರನಾಗಿ ಹೆಸರು ಮಾಡುವುದು ಒಂದು, ಸಂತರ ಹಾಗೆ ದೇವರ ಸೇವೆ ಮಾಡುವುದು ಇನ್ನೊಂದು. ಯೋಚಿಸುವಾಗ ಎರಡೂ ಖುಷಿಯೇ. ಆದರೆ ಮೊದಲನೆಯದು ಮುಗಿದ ಮೇಲೆ ಮನಸ್ಸು ಒಣಗಿದಂತಾಗುತ್ತಿತ್ತು. ಎರಡನೆಯದು ಮುಗಿದ ಮೇಲೂ ಸಂತೋಷ ಉಳಿಯುತ್ತಿತ್ತು. ನೀವೂ ಮಾಡಿ ನೋಡಿ. ಒಂದು ದಿನ ಪೂರ್ತಿ "ಹೌದು" ಅಂತ ತೀರ್ಮಾನ ಆಗಿದೆ ಅಂದುಕೊಂಡು ಬದುಕಿ. ಮರುದಿನ "ಇಲ್ಲ" ಅಂತ. ಎರಡೂ ಸಂಜೆ ಮನಸ್ಸಿನಲ್ಲಿ ಉಳಿದದ್ದೇನು ಅಂತ ಬರೆದಿಡಿ.

ಒಮ್ಮೆ ಕೇಳಿ ಸ್ಪಷ್ಟವಾಗದಿದ್ದರೆ ಮತ್ತೆ ಕೇಳಲು ಸಂಕೋಚ ಬೇಡ. ಶತ್ರುಗಳಾದ ಫಿಲಿಷ್ಟಿಯರಿಂದ ಕೆಯೀಲಾ ಊರನ್ನು ಕಾಪಾಡಲು ಹೋಗಲಾ ಎಂದು ಕೇಳಿದ ದಾವೀದನಿಗೆ ಒಮ್ಮೆ ಉತ್ತರ ಸಿಕ್ಕಿತ್ತು. ಅವನ ಜನ ಹೆದರಿದರು, ಅವನು ಮತ್ತೆ ಕೇಳಿದ. ದೇವರು ಸಿಟ್ಟಾಗದೆ ಮತ್ತೆ ಹೇಳಿದರು (1 ಸಮುವೇಲ 23).

5. ತಿಳಿಯಬೇಕಾದ್ದನ್ನು ತಿಳಿದುಕೊಳ್ಳಿ

ಇದು ಪ್ರಾರ್ಥನೆಯ ಭಾಗವೇ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಎಂದು ಯೇಸು ಸ್ವಾಮಿಯೇ ಕೇಳಿದನು (ಲೂಕ 14:28). ಕೆಲಸದ ವಿಷಯವಾದರೆ ಅಲ್ಲಿ ಕೆಲಸ ಮಾಡುವವರನ್ನು ವಿಚಾರಿಸಿ. ಸಾಲದ ವಿಷಯವಾದರೆ ಕಾಗದ ಪೂರ್ತಿ ಓದಿ. ನಾನು ಒಂದು ಫೋನ್ ಮಾಡಿದ್ದರೆ ರಜೆಯ ದಿನದ ವಿಷಯ ಗೊತ್ತಾಗುತ್ತಿತ್ತು.

6. ಇಬ್ಬರನ್ನಾದರೂ ಕೇಳಿ. ಯಾರನ್ನು ಅನ್ನುವುದು ಮುಖ್ಯ

ಜನರು ತಮ್ಮ ಹೊರೆ ಇಳಿಸು ಎಂದು ಬೇಡಿದಾಗ ಅರಸ ಸೊಲೊಮೋನನ ಮಗ ರೆಹಬ್ಬಾಮನೂ ಸಲಹೆ ಕೇಳಿದ. ಹಿರಿಯರನ್ನು ಕೇಳಿದ, ಅವರ ಮಾತು ರುಚಿಸಲಿಲ್ಲ. ತನ್ನ ಜೊತೆ ಬೆಳೆದವರನ್ನು ಕೇಳಿದ, ಅವರು ಅವನಿಗೆ ಬೇಕಾದ್ದನ್ನೇ ಹೇಳಿದರು. ರಾಜ್ಯ ಒಡೆಯಿತು (1 ಅರಸುಗಳು 12). ಹಾಗಾಗಿ ನಿಮ್ಮ ತೀರ್ಮಾನದಿಂದ ಲಾಭ ನಷ್ಟ ಇಲ್ಲದ ಒಬ್ಬರನ್ನು, ನಿಮಗೆ "ಬೇಡ" ಅನ್ನುವ ಧೈರ್ಯ ಇರುವ ಒಬ್ಬರನ್ನು ಆರಿಸಿ. ಜೊತೆಗೆ, ನಿಮ್ಮ ತೀರ್ಮಾನದ ಭಾರ ಹೊರುವವರನ್ನು ಕೇಳದೆ ಇರಬೇಡಿ. ಗಂಡ, ಹೆಂಡತಿ, ಬೆಳೆದ ಮಕ್ಕಳು. ಅವರನ್ನು ಕೇಳದೆ "ದೇವರು ನನಗೆ ತೋರಿಸಿದರು" ಅಂತ ಹೇಳಿ ಮನೆಯವರ ಬಾಯಿ ಮುಚ್ಚಿಸುವುದು ಅನ್ಯಾಯ.

ಇದೇ ಮಾತು ತಿರುಗಿಯೂ ಬರಬಹುದು. "ನೀನು ಇದನ್ನೇ ಮಾಡಬೇಕು ಅಂತ ದೇವರು ನನಗೆ ಹೇಳಿದ್ದಾರೆ" ಎಂದು ಯಾರಾದರೂ ಹೇಳಿದರೆ ಹೆದರಬೇಡಿ, ತಕ್ಷಣ ಒಪ್ಪಲೂ ಬೇಡಿ. 1 ಅರಸುಗಳು 13ನೇ ಅಧ್ಯಾಯ ಓದಿ. ಬೇತೇಲಿನಲ್ಲಿ ಊಟ ಮಾಡಬೇಡ ಅಂತ ದೇವರೇ ಹೇಳಿದ್ದ ಒಬ್ಬ ದೇವರ ಮನುಷ್ಯನಿದ್ದ. ಒಬ್ಬ ಮುದಿ ಪ್ರವಾದಿ ಬಂದು, ದೇವದೂತನು ನನಗೆ ಹೇಳಿದ್ದಾನೆ, ಬಾ ಊಟಮಾಡು ಎಂದ. ಅದು ಸುಳ್ಳಾಗಿತ್ತು. ನಂಬಿ ಹೋದವನು ದಾರಿಯಲ್ಲಿ ಸಿಂಹಕ್ಕೆ ಬಲಿಯಾದ. ಹೇಳುವವರು ಎಷ್ಟೇ ದೊಡ್ಡವರಿರಲಿ, ಮದುವೆ, ಹಣ, ಕಾಯಿಲೆ ಇಂಥ ವಿಷಯಗಳಲ್ಲಿ ಬೇರೆಯವರ ದರ್ಶನದ ಮೇಲೆ ಮಾತ್ರ ಹೆಜ್ಜೆ ಇಡಬೇಡಿ. ವೈದ್ಯರು ಕೊಟ್ಟ ಔಷಧಿಯನ್ನು ಯಾರದೋ ಪ್ರವಾದನೆ ಕೇಳಿ ನಿಲ್ಲಿಸುವುದಂತೂ ಬೇಡವೇ ಬೇಡ. ಇದನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ.

7. ತೆರೆದ ಬಾಗಿಲು, ಮುಚ್ಚಿದ ಬಾಗಿಲು, ಮನಸ್ಸಿನ ಸಮಾಧಾನ

"ಬಾಗಿಲು ತೆರೆಯಿತು, ಹಾಗಾದರೆ ದೇವರ ಚಿತ್ತವೇ" ಅನ್ನುತ್ತೇವೆ. ನಿನೆವೆಗೆ ಹೋಗು ಎಂದ ದೇವರಿಂದ ಓಡಿಹೋಗಲು ಪ್ರವಾದಿ ಯೋನನು ಯೊಪ್ಪ ಬಂದರಿಗೆ ಬಂದಾಗ ತಾರ್ಷೀಷಿಗೆ ಹೊರಟ ಹಡಗು ಸಿದ್ಧವಾಗಿತ್ತು, ಪ್ರಯಾಣದ ದರಕ್ಕೆ ಕೈಯಲ್ಲಿ ಹಣವೂ ಇತ್ತು. ದಾವೀದನು ಅಡಗಿದ್ದ ಗವಿಗೇ, ಅವನನ್ನು ಕೊಲ್ಲಲು ಹುಡುಕುತ್ತಿದ್ದ ಅರಸ ಸೌಲನು ಒಬ್ಬನೇ ಬಂದಾಗ, ದೇವರು ಹೇಳಿದ ದಿನ ಇದೇ ಎಂದು ಜೊತೆಯವರು ಹೇಳಿದರು. ದಾವೀದ ಒಪ್ಪಲಿಲ್ಲ. ದೇವರು ಅಭಿಷೇಕಿಸಿದ ಅರಸನ ಮೇಲೆ ಕೈ ಎತ್ತಬಾರದು ಅಂತ ಅವನಿಗೆ ಮೊದಲೇ ಗೊತ್ತಿತ್ತು. ಅವಕಾಶ ಎಷ್ಟೇ ಚೆನ್ನಾಗಿದ್ದರೂ ಅವನು ಆ ತಿಳುವಳಿಕೆಯನ್ನು ಬಿಡಲಿಲ್ಲ.

ಮನಸ್ಸಿನ ಸಮಾಧಾನದ ವಿಷಯವೂ ಹೀಗೆಯೇ. ಅದು ಬೇಕು, ಆದರೆ ಅದೊಂದನ್ನೇ ನಂಬಬೇಡಿ. ದೇವರ ಮಾತಿಗೆ ಬೆನ್ನು ತೋರಿಸಿದ ಯೋನ ಬಿರುಗಾಳಿಯಲ್ಲೂ ಹಡಗಿನೊಳಗೆ ಗಾಢವಾಗಿ ನಿದ್ದೆ ಮಾಡಿದ. ತಂದೆಯ ಚಿತ್ತಕ್ಕೆ ತಲೆಬಾಗಿದ ಯೇಸುವಿನ ಬೆವರು ರಕ್ತದ ಹನಿಗಳಂತೆ ನೆಲಕ್ಕೆ ಬಿತ್ತು. ಕಷ್ಟದ ಮಾತುಕತೆಯಿಂದ ತಪ್ಪಿಸಿಕೊಂಡರೆ ಹಗುರ ಅನ್ನಿಸುತ್ತದೆ. ಅದು ಬರೀ ಬಿಡುಗಡೆಯ ಉಸಿರು, ಸಮಾಧಾನ ಅಲ್ಲದೆಯೂ ಇರಬಹುದು.

"ಗಿದ್ಯೋನನ ಹಾಗೆ ಗುರುತು ಕೇಳಬಹುದಾ?" ಅಂತ ತುಂಬಾ ಜನ ಕೇಳುತ್ತಾರೆ. ಉಣ್ಣೆ ಮಾತ್ರ ಇಬ್ಬನಿಯಿಂದ ನೆನೆದು ನೆಲ ಒಣಗಿರಲಿ ಎಂದು ಗುರುತು ಕೇಳಿ ಕುರಿಯ ಉಣ್ಣೆಯನ್ನು ಕಣದಲ್ಲಿ ಹಾಸುವ ಮೊದಲೇ, ನಿನ್ನ ಕೈಯಿಂದ ಇಸ್ರಾಯೇಲ್ಯರನ್ನು ಬಿಡಿಸುತ್ತೇನೆ ಎಂದು ಗಿದ್ಯೋನನಿಗೆ ದೇವರು ಸ್ಪಷ್ಟವಾಗಿ ಹೇಳಿಯಾಗಿತ್ತು. ಅವನ ಬೇಡಿಕೆ ಬಂದದ್ದು ಅಂಜಿಕೆಯಿಂದ. ದೇವರು ತಾಳ್ಮೆಯಿಂದ ಕೊಟ್ಟರು, ಅಷ್ಟೇ. ಗುರುತು ಕೇಳಲೇಬೇಕಾದರೆ, ಯಜಮಾನನ ಮಗನಿಗೆ ಹೆಣ್ಣು ಹುಡುಕಲು ಹೋದ ಅಬ್ರಹಾಮನ ಸೇವಕನ ಹಾಗೆ ಕೇಳಿ. ಬಾವಿಯ ಹತ್ತಿರ ಅವನು ಕೇಳಿದ್ದು, ನನಗೆ ನೀರು ಕೊಟ್ಟು ಒಂಟೆಗಳಿಗೂ ಸೇದಿ ಹಾಕುತ್ತೇನೆ ಅನ್ನುವ ಹುಡುಗಿಯನ್ನು ತೋರಿಸು ಅಂತ. ಹತ್ತು ಒಂಟೆಗಳಿದ್ದವು! ಆ ಗುರುತಿನಲ್ಲೇ ಅವಳ ಗುಣವೂ ತಿಳಿಯುತ್ತಿತ್ತು. ರೆಬೆಕ್ಕ ಬಂದ ಮೇಲೂ ಅವನು ಕುಣಿದಾಡದೆ, ಸುಮ್ಮನೆ ನೋಡುತ್ತಾ ನಿಂತಿದ್ದ (ಆದಿಕಾಂಡ 24:21).

8. ದಣಿದಾಗ ಬೇಡ

ಪ್ರವಾದಿ ಎಲೀಯನು ತಾನು ಸಾಯಬೇಕು ಎಂದು ಬೇಡಿದಾಗ ದೇವರು ಉಪದೇಶ ಮಾಡಲಿಲ್ಲ. ಮಲಗಲು ಬಿಟ್ಟರು, ಎಬ್ಬಿಸಿ ರೊಟ್ಟಿ ನೀರು ಕೊಟ್ಟರು, ಮತ್ತೆ ಮಲಗಲು ಬಿಟ್ಟರು, ಮತ್ತೆ ಕೊಟ್ಟರು. ಮಾತುಕತೆ ನಡೆದದ್ದು ಆಮೇಲೆ, ಹೋರೇಬ್ ಬೆಟ್ಟದಲ್ಲಿ. ಮನಸ್ಸು ಕುಗ್ಗಿರುವಾಗ ಹಳೇ ತೀರ್ಮಾನವನ್ನು ಬದಲಿಸಬೇಡಿ ಎಂದು ಇಗ್ನೇಷಿಯಸ್ ಕೂಡ ಹೇಳಿದ್ದಾರೆ. ಮೊದಲು ನಿದ್ದೆ ಮಾಡಿ.

ದಿನದ ಸಣ್ಣ ಸಣ್ಣ ತೀರ್ಮಾನಗಳಿಗೆ

ಇಷ್ಟೆಲ್ಲ ಹೆಜ್ಜೆ ಇಡಲು ದಿನದಲ್ಲಿ ಸಮಯ ಎಲ್ಲಿರುತ್ತದೆ? ಮೇಲಿನದು ದೊಡ್ಡ ತೀರ್ಮಾನಗಳಿಗೆ. ಸಣ್ಣವುಗಳಿಗೆ ನೆಹೆಮೀಯನನ್ನು ನೋಡಿ. ಅವನು ಪರ್ಷಿಯದ ಅರಸನ ಸೇವೆಯಲ್ಲಿದ್ದವನು. ನಿನಗೇನು ಬೇಕು ಅಂತ ಅರಸನು ಕೇಳುತ್ತಾನೆ. ಆ ಪ್ರಶ್ನೆಗೂ ತನ್ನ ಉತ್ತರಕ್ಕೂ ನಡುವೆ ನೆಹೆಮೀಯ ಪ್ರಾರ್ಥಿಸುತ್ತಾನೆ (2:4). ಒಂದು ಉಸಿರಿನಷ್ಟು ಹೊತ್ತು ಇದ್ದಿರಬಹುದು. ಆದರೆ ಯೆರೂಸಲೇಮಿನ ಗೋಡೆ ಬಿದ್ದಿರುವ ಸುದ್ದಿ ಕೇಳಿದ ಕಿಸ್ಲೇವ್ ತಿಂಗಳಿಂದ ಈ ನೀಸಾನ್ ತಿಂಗಳವರೆಗೆ, ಸುಮಾರು ನಾಲ್ಕು ತಿಂಗಳು ಅವನು ಈ ವಿಷಯವನ್ನು ದೇವರ ಮುಂದೆ ಇಟ್ಟುಕೊಂಡೇ ಇದ್ದ. ಉಸಿರಿನಷ್ಟರ ಪ್ರಾರ್ಥನೆ ಆ ನಾಲ್ಕು ತಿಂಗಳ ಮೇಲೆ ನಿಂತಿತ್ತು.

ನಾನು ದಿನಕ್ಕೆ ಮೂರು ಜಾಗದಲ್ಲಿ ಇದನ್ನು ಮಾಡುತ್ತೇನೆ. ಬೆಳಿಗ್ಗೆ, ಇವತ್ತು ಎದುರಾಗಬಹುದಾದ ತೀರ್ಮಾನಗಳನ್ನು ಒಂದೊಂದಾಗಿ ಹೆಸರಿಟ್ಟು ಹೇಳುತ್ತೇನೆ. ಹಗಲಲ್ಲಿ, ಯಾರಿಗಾದರೂ "ಹೌದು" ಅಥವಾ "ಇಲ್ಲ" ಅನ್ನುವ ಮೊದಲು ಒಂದು ಉಸಿರು: "ತಂದೆಯೇ, ಇಲ್ಲಿ?" ಮೊನ್ನೆ ತಮ್ಮನ ಮೆಸೇಜ್ ಒಂದಕ್ಕೆ ಸಿಟ್ಟಿನಲ್ಲಿ ಉದ್ದದ ಉತ್ತರ ಟೈಪ್ ಮಾಡಿದ್ದೆ. ಆ ಒಂದು ಉಸಿರಿನಲ್ಲಿ ಅದನ್ನು ಮತ್ತೆ ಓದಿದೆ. ಪ್ರತಿ ಸಾಲೂ ನಿಜ, ಆದರೆ ಒಂದು ಸಾಲೂ ಅವನಿಗೆ ಸಹಾಯವಾಗುವಂಥದ್ದಲ್ಲ. ಅಳಿಸಿ, "ಸಂಜೆ ಫೋನ್ ಮಾಡ್ತೀನಿ ಕಣೋ" ಅಂತ ಬರೆದೆ. ರಾತ್ರಿ ಮಲಗುವಾಗ ದಿನವನ್ನು ಹಿಂದಕ್ಕೆ ನೋಡುತ್ತೇನೆ: ಎಲ್ಲಿ ಕೇಳಿದೆ, ಎಲ್ಲಿ ಕೇಳದೆ ಓಡಿದೆ. ಐದು ನಿಮಿಷ.

ನಿನ್ನೆ ಸಿಕ್ಕ ಉತ್ತರವನ್ನೇ ಇವತ್ತೂ ಬಳಸಬೇಡಿ. ರೆಫಾಯೀಮ್ ಕಣಿವೆಗೆ ಫಿಲಿಷ್ಟಿಯರು ಎರಡು ಸಲ ಬಂದರು. ಮೊದಲ ಸಲ ಹೋಗು ಎಂದ ದೇವರು, ಎರಡನೇ ಸಲ ನೇರವಾಗಿ ಹೋಗಬೇಡ, ಹಿಂದಿನಿಂದ ಸುತ್ತಿ ಹೋಗು ಎಂದರು (2 ಸಮುವೇಲ 5). ದಾವೀದ ಎರಡೂ ಸಲ ಕೇಳಿದ್ದ.

9. ತೀರ್ಮಾನ ಮಾಡಿ, ಹೊರಡಿ

ಒಂದು ದಿನ ಗೊತ್ತುಮಾಡಿ. ಆ ದಿನಕ್ಕೆ ನಿಮಗೆ ತಿಳಿದಷ್ಟರ ಮೇಲೆ ತೀರ್ಮಾನ ಮಾಡಿ. ಸುವಾರ್ತೆ ಸಾರಲು ಹೊರಟ ಪೌಲ ಮತ್ತು ಜೊತೆಯವರಿಗೆ ಆಸ್ಯ ಪ್ರಾಂತ್ಯದಲ್ಲಿ ತಡೆಯಾಯಿತು, ಬಿಥೂನ್ಯಕ್ಕೂ ಹೋಗಲಾಗಲಿಲ್ಲ. ತ್ರೋವ ಪಟ್ಟಣದಲ್ಲಿ ರಾತ್ರಿ ಪೌಲನಿಗೊಂದು ದರ್ಶನ: ಮಕೆದೋನ್ಯದವನೊಬ್ಬ ಬಂದು ಸಹಾಯಮಾಡು ಎಂದು ಕರೆಯುತ್ತಾನೆ. ಆಗಲೂ ಅವರೆಲ್ಲ ಸೇರಿ ಅದನ್ನು ತೂಗಿನೋಡಿ, ದೇವರು ಮಕೆದೋನ್ಯಕ್ಕೆ ಕರೆದಿದ್ದಾನೆ ಎಂದು ನಿಶ್ಚಯಿಸಿಕೊಂಡು ಹೊರಟರು (ಅಪೊಸ್ತಲರ ಕೃತ್ಯಗಳು 16:10). ದಾರಿ ಸರಿಯಿತ್ತು. ಆದರೂ ಮಕೆದೋನ್ಯದ ಫಿಲಿಪ್ಪಿಯಲ್ಲಿ ಏಟು ಬಿತ್ತು, ಸೆರೆಮನೆ ಸಿಕ್ಕಿತು. ಕಷ್ಟ ಬಂತು ಅಂದ ಮಾತ್ರಕ್ಕೆ ತಪ್ಪಾಗಿ ಕೇಳಿಸಿಕೊಂಡೆವು ಅಂತಲ್ಲ.

ತೀರ್ಮಾನವನ್ನು ಕಾರಣಗಳ ಸಮೇತ ನೋಟ್‌ಬುಕ್ಕಿನಲ್ಲಿ ಬರೆದಿಡಿ. ತಾರೀಕು ಹಾಕಿ. ಆರು ತಿಂಗಳ ನಂತರ ಸಂಶಯ ಬಂದಾಗ ಆ ಪುಟ ಬೇಕಾಗುತ್ತದೆ.

ತಪ್ಪೇ ಆಗಿಹೋಗಿದ್ದರೆ?

ಗಿಬ್ಯೋನಿನ ಕಥೆ ಒಪ್ಪಂದಕ್ಕೆ ಮುಗಿಯುವುದಿಲ್ಲ. ಮೋಸ ಗೊತ್ತಾದ ಮೇಲೂ ಇಸ್ರಾಯೇಲ್ಯರು ಕೊಟ್ಟ ಮಾತನ್ನು ಉಳಿಸಿಕೊಂಡರು. ಮುಂದಿನ ಅಧ್ಯಾಯದಲ್ಲೇ ಐದು ಅರಸರು ಗಿಬ್ಯೋನಿನ ಮೇಲೆ ದಂಡೆತ್ತಿ ಬಂದಾಗ ಇಸ್ರಾಯೇಲ್ಯರ ನಾಯಕ ಯೆಹೋಶುವ ಆ ಊರಿನವರನ್ನು ಕಾಪಾಡಲು ರಾತ್ರಿಯೆಲ್ಲ ನಡೆದು ಹೋದ. ಸೂರ್ಯ ನಿಂತ ದಿನ ಅಂತ ನಾವು ಓದುವುದು ಅದೇ ದಿನದ ಬಗ್ಗೆ. ಕೇಳದೆ ಮಾಡಿಕೊಂಡ ಒಪ್ಪಂದವನ್ನು ಪಾಲಿಸಲು ಹೋದವರ ಪರವಾಗಿ ದೇವರೇ ಯುದ್ಧ ಮಾಡಿದರು. ನೂರಾರು ವರ್ಷಗಳ ಮೇಲೆ ನೆಹೆಮೀಯನ ಕಾಲದಲ್ಲಿ ಯೆರೂಸಲೇಮಿನ ಗೋಡೆ ಕಟ್ಟಿದವರ ಪಟ್ಟಿಯಲ್ಲೂ ಗಿಬ್ಯೋನಿನವರಿದ್ದಾರೆ (3:7).

ನಾನು ಆ ಕೆಲಸವನ್ನು ತಕ್ಷಣ ಬಿಡಲಿಲ್ಲ. ಒಪ್ಪಿಕೊಂಡದ್ದನ್ನು ಮುಗಿಸಿದೆ. ಅಲ್ಲಿ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದವರೊಬ್ಬರು ತಮ್ಮ ತಾಯಿಯ ಕಾಯಿಲೆಯ ಸಮಯದಲ್ಲಿ "ನನಗೋಸ್ಕರ ಪ್ರಾರ್ಥನೆ ಮಾಡ್ತೀರಾ?" ಅಂತ ಕೇಳಿದ್ದರು. ಇವತ್ತಿಗೂ ಅವರ ಹೆಸರು ನನ್ನ ನೋಟ್‌ಬುಕ್ಕಿನಲ್ಲಿದೆ.

ಗಿಬ್ಯೋನಿನ ಬಗ್ಗೆ ಇನ್ನೊಂದು ವಿಷಯ ಇದೆ. ಸೊಲೊಮೋನನು ಅರಸನಾದ ಹೊಸತರಲ್ಲಿ ಬಲಿ ಅರ್ಪಿಸಲು ಒಂದು ಊರಿಗೆ ಹೋಗುತ್ತಾನೆ. ರಾತ್ರಿ ಕನಸಿನಲ್ಲಿ ದೇವರು, ಏನು ಬೇಕೋ ಕೇಳು ಎನ್ನುತ್ತಾರೆ. ಆಯುಷ್ಯ, ಐಶ್ವರ್ಯ ಅವನು ಕೇಳಲಿಲ್ಲ. ವಿವೇಕದ ಹೃದಯ ಕೇಳಿದ ಎಂದು ನಾವು ಓದುತ್ತೇವೆ. ಮೂಲ ಹೀಬ್ರೂ ಮಾತಿನ ನೇರ ಅರ್ಥ "ಕೇಳುವ ಹೃದಯ". ಆ ಊರಿನ ಹೆಸರು 1 ಅರಸುಗಳು 3:5ರಲ್ಲಿದೆ: ಗಿಬ್ಯೋನ್.